ಗರ್ದ್ ಬಿಟ್ಟ ಮ್ಯಾಲಿನ ಮೂರನೇ ವಾರ: ಇಂಡಿ ಕಡೆಯ ಒಬ್ಬ ಲಾರಿ ಡ್ರೈವರ್‌ನ ಕೇಸ್

ಹೆರಾಯಿನ್ ಬಿಟ್ಟ ಮನಷಾನ ಮನಿಯವ್ರು ಮೊದಲ ಎಂಟ್ಹತ್ತು ದಿನ ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾಯ್ತಾರ. ಮೈಕೈ ನೋವು ಹೋತು, ವಾಂತಿ ಭೇದಿ ನಿಂತು, ಎರಡು ರೊಟ್ಟಿ ತಿನ್ನಾಕತ್ತಾನ ಅಂದ ಕೂಡ್ಲೆ "ಗುಣ ಆದ್ನಪಾ" ಅಂತ ಎಲ್ಲಾರೂ ತಮ್ಮ ತಮ್ಮ ಕೆಲಸಕ್ಕ ಹೋಗಿಬಿಡ್ತಾರ. ಅಲ್ಲಿಂದ ಮುಂದಿನ ಮೂರ್ನಾಕು ವಾರಾನ ಖರೆ ಅಪಾಯದ ವಾರ. ಮೈ ಸುಧಾರಿಸಿರ್ತೈತಿ, ಮನಸು ನೆಲಾ ಹಿಡಿದಿರ್ತೈತಿ, ನೋಡಾವ್ರು ಮಾತ್ರ ಯಾರೂ ಇರಂಗಿಲ್ಲ. ಈ ಕೇಸ್ ಇಷ್ಟು ಉದ್ದ ಬರಿಯಾಕತ್ತಿದ್ದು ಇದೊಂದ ಮಾತಿನ ಸಲುವಾಗಿ.

ನಾನು ವಿಜಯಪುರದಾಗ ಮಾನಸಿಕ ರೋಗ ವಿಭಾಗದಾಗ ಸೋಷಿಯಲ್ ವರ್ಕರ್. ಗುಳಗಿ ಬರಿಯೂದು ಡಾಕ್ಟರ್ ಕೆಲಸ, ಪೇಶೆಂಟ್ ಮತ್ತ ಮನಿಯವ್ರ ಜೋಡಿ ಕುಂತು ಕೇಳೂದು, ಮನಿಗೆ ಹೋಗಿ ಬರೂದು, ಫೋನ್ ಹಚ್ಚೂದು ನನ್ನ ಕೆಲಸ. ಆ ಮನಷಾಂದು, ಅವನ ಮನಿಯವ್ರದು ಒಪ್ಪಿಗಿ ತಗೊಂಡು ಬರದೀನಿ, ಗುರುತು ಸಿಗೂವಂಥ ವಿವರ ಬದಲ ಮಾಡೀನಿ, ಹೆಸರು ಹಾಕಂಗಿಲ್ಲ.

ಹೆಂಗ ಬಂದ

ವಯಸ್ಸು 36. ಇಂಡಿ ತಾಲೂಕಿನ ಒಂದು ಹಳ್ಳಿ. ಮನ್ಯಾಗ ತಾಯಿ, ಅಣ್ಣ, ವೈನಿ, ಹೆಂಡ್ತಿ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಅಣ್ಣ ಲಿಂಬಿ ತ್ವಾಟ ನೋಡ್ಕೊಂತಾನ, ಈತ ಫೈನಾನ್ಸ್ ಮ್ಯಾಲ ತಗೊಂಡ ಲಾರ್ಯಾಗ ಉಳ್ಳಾಗಡ್ಡಿ, ಲಿಂಬಿಕಾಯಿ, ದ್ರಾಕ್ಷಿ ಹೇರ್ಕೊಂಡು ಸೊಲ್ಲಾಪುರ, ಪುಣೆ ಮ್ಯಾಲ ಹಾದು ನವಿ ಮುಂಬೈದಾಗಿನ ವಾಶಿ ಮಾರ್ಕೆಟ್‌ಗೆ ಹೋಗಿ ಬರ್ತಿದ್ದ. ಐದು ವರ್ಷದಿಂದ ಗರ್ದ್ ತಗೊಂತಿದ್ದ. ಗರ್ದ್ ಅಂದ್ರ ಬ್ರೌನ್ ಶುಗರ್, ಕಚ್ಚಾ ಹೆರಾಯಿನ್, ಪನ್ನಿ (ಅಲ್ಯುಮಿನಿಯಂ ಹಾಳಿ) ಮ್ಯಾಲ ಹಾಕಿ ಕೆಳಗ ಕಡ್ಡಿ ಕೊರೆದು ಹೊಗಿ ಎಳಕೊಂಡು ಸೇದೂದು. ಇಂಜೆಕ್ಷನ್ ಎಂದೂ ಮಾಡ್ಕೊಂಡಿರ್ಲಿಲ್ಲ.

ಮೇ ತಿಂಗಳ ಒಂದು ಮುಂಜಾನಿ ಅಣ್ಣ ಮತ್ತ ವೈನಿ ಕೂಡಿ ನಮ್ಮ ಕಡೆ ಕರಕೊಂಡು ಬಂದ್ರು. ಅದಕ್ಕೂ ಒಂದು ವಾರದ ಹಿಂದ ಸೊಲ್ಲಾಪುರ ದಾಟಿ ಒಂದು ಢಾಬಾದ ಮುಂದ ನಿಂತಿದ್ದ ಲಾರ್ಯಾಗ ಕ್ಲೀನರ್ ಹುಡುಗ ಎಬ್ಬಿಸಾಕ ಹೋದ್ರ ಏಳವಲ್ಲ, ತುಟಿ ನೀಲಿ ಆಗ್ಯಾವ, ಉಸಿರು ಎಲ್ಲೋ ಒಂದೊಂದು. ಆ ಹುಡುಗ ಭಾಳ ಶಾಣ್ಯಾ, "ಕುಡದಾನ, ಮಕ್ಕೊಳ್ಳಲಿ" ಅಂತ ಬಿಡಲಿಲ್ಲ, ಢಾಬಾದವ್ರನ್ನ ಕರದು ಗಾಡ್ಯಾಗ ಹಾಕ್ಕೊಂಡು ದವಾಖಾನಿಗೆ ಒಯ್ದ, ಅಲ್ಲೆ ನಲೋಕ್ಸೋನ್ ಇಂಜೆಕ್ಷನ್ ಕೊಟ್ಟು ಉಳಿಸಿದ್ರು. ನಲೋಕ್ಸೋನ್ ಮೆದುಳಿನ್ಯಾಗ ಹೆರಾಯಿನ್ ಕುಂತ ಜಾಗಾದಿಂದ ಅದನ್ನ ಎಬ್ಬಿಸಿ ಹಾಕ್ತೈತಿ, ನಿಂತ ಉಸಿರು ತಿರುಗಿ ಶುರು ಆಗ್ತೈತಿ.

ಈ ಓವರ್‌ಡೋಸ್ ಹೆಂಗಾತು ಅನ್ನೂದಕ್ಕ ಹಿಂದಿನ ಕಥಿ ಬೇಕು. ಅದಕ್ಕಿಂತ ಸುಮಾರು ಐದು ವಾರ ಮೊದಲ ಮನಿಯವ್ರು ಬ್ಯಾರೆ ಊರಿನ ಒಂದು ಖಾಸಗಿ ಚಟ ಬಿಡಿಸೂ ಸೆಂಟರ್‌ನ್ಯಾಗ ಹಾಕಿದ್ರು. ಹತ್ತು ದಿನ ಇಟ್ಕೊಂಡು, ಟರ್ಕಿ ಇಳಿಸಿ (ಮಾಲ್, ಅಂದ್ರ ಗರ್ದ್, ಸಿಗದಾಗ ಬರೂ ತ್ರಾಸಕ್ಕ ಸೇದೂ ಹುಡುಗ್ರು ಹಂಗ ಅಂತಾರ), ಅಲ್ಪ್ರಝೋಲಮ್ ನಿದ್ದಿ ಗುಳಗಿ ಬರಕೊಟ್ಟು ಕಳಿಸಿದ್ರು. ಆ ಡಿಸ್ಚಾರ್ಜ್ ಕಾಗದಾ ನಾನು ಎರಡೂ ಬದಿ ತಿರುವಿ ನೋಡಿದೆ, ಮನಸಿನ ಬಗ್ಗೆ ಒಂದ ಅಕ್ಷರ ಇರ್ಲಿಲ್ಲ, ಮುಂದ ಯಾವಾಗ ಬರಬೇಕು ಅನ್ನೂದೂ ಇರ್ಲಿಲ್ಲ.

ಮನಿಗೆ ಬಂದ ಮ್ಯಾಲ ಏನಾತು ಅಂತ ಹೆಂಡ್ತಿ ಹೇಳಿದ್ದನ್ನ ಇಲ್ಲೆ ಹಂಗ ಇಡ್ತೀನಿ: "ಮೊದಲ ಚಲೋ ಇದ್ರು ಮೇಡಂ. ಆಮ್ಯಾಲೆ ಮಾತ ಕಡಿಮಿ ಆತು. ಕಟ್ಟಿ ಮ್ಯಾಲ ಕುಂತ್ರ ಕುಂತ್ರು. ಟಿವಿ ಇಲ್ಲ, ಮೊಬೈಲ್ ಇಲ್ಲ. ನಾವು ಶಾಂತ ಆಗ್ಯಾರ ಅಂತ ತಿಳಕೊಂಡ್ವಿ." ಅದ ವಾರ ಅಂವ ಅಣ್ಣನ್ನ ಕುಂದರ್ಸಿಕೊಂಡು ಲಾರಿದು ಆರ್‌ಸಿ ಎಲ್ಲೈತಿ, ಇನ್ಶೂರೆನ್ಸ್ ಕಾಗದ ಎಲ್ಲೈತಿ, ಯಾವ ವ್ಯಾಪಾರಿ ಕಡೆಯಿಂದ ಎಷ್ಟು ಬಾಡಿಗಿ ಬರೂದೈತಿ ಅಂತ ಎಲ್ಲಾ ಒಂದೊಂದ ಹೇಳ್ಯಾನ. ಮನಿಯವ್ರಿಗೆ ಖುಷಿ ಆಗೇತಿ, ಇಷ್ಟು ವರ್ಷಕ್ಕ ಜವಾಬ್ದಾರಿ ಬಂತು ಅಂತ. ಇಂಥಾ ಮಾತು ಒಮ್ಮಿಂದೊಮ್ಮೆಲೆ ಶುರು ಆದ್ರ, ಅದೂ ಮಾತ ಬಿಟ್ಟ ಮನಷಾನ ಬಾಯಿಂದ ಬಂದ್ರ, ಅವತ್ತ ಡಾಕ್ಟರ್ ಕಡೆ ಹೋಗಬೇಕು. ಅಂವ ಹೋದದ್ದು ಲಾರಿ ತಗೊಂಡು ವಾಶಿಗೆ.

ವಾಶ್ಯಾಗ ಮೊದಲಿನ ಅಳತಿಯಾಗ ಸೇದ್ಯಾನ, ತಿರುಗಿ ಬರಬೇಕಾದ್ರ ದಾರ್ಯಾಗ ಮತ್ತ ಸೇದ್ಯಾನ, ಮ್ಯಾಲ ಅಲ್ಪ್ರಝೋಲಮ್. ಕೆಲವೊಂದು ದಿನ ಬಿಟ್ಟಿದ್ರೂ ಸಾಕು, ಹೆರಾಯಿನ್ ತಡಕೊಳ್ಳೂ ತಾಕತ್ತು ಮೈ ಕಳಕೊಂಡುಬಿಟ್ಟಿರ್ತೈತಿ, ಮೊದಲು ನಡೀತಿದ್ದ ಅಳತಿ ಈಗ ಉಸಿರು ನಿಲ್ಲಸ್ತೈತಿ, ನಿದ್ದಿ ಗುಳಗಿ ಕೂಡಿದ್ರ ಅಪಾಯ ಇನ್ನೂ ಹೆಚ್ಚು. ಬರೇ ಟರ್ಕಿ ಇಳಿಸಿ ಮನಿಗೆ ಕಳಿಸೂದು ಅದಕ್ಕ ಅರ್ಧ ಟ್ರೀಟ್‌ಮೆಂಟ್ ಸೈತ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಒಮ್ಮೊಮ್ಮೆ ಏನೂ ಮಾಡದ ಬಿಟ್ಟದ್ದಕ್ಕಿಂತ ಕೆಟ್ಟ.

ಮೊದಲನೇ ದಿನ ಕಂಡದ್ದು

ವಿಜಯಪುರದ ಮೇ ತಿಂಗಳ ಬಿಸಲಾಗ ಸ್ವೆಟರ್ ಗುಂಡಿ ಹಾಕ್ಕೊಂಡು ಕುಂತಿದ್ದ. ಆಕಳಿಕಿ ಮ್ಯಾಲ ಆಕಳಿಕಿ, ಮೂಗು ಕಣ್ಣು ಸೋರ್ತಾವ, ತೋಳ ಮ್ಯಾಲ ರೋಮ ಎದ್ದು ನಿಂತಾವ, ಕಣ್ಣಿನ ಪಾಪಿ ದೊಡ್ಡ ಆಗ್ಯಾವ. ಓವರ್‌ಡೋಸ್ ಆಗಿ ಬಂದ ಮ್ಯಾಲೂ ಮತ್ತ ಸೇದ್ಯಾನ, ಕಡೀ ಸಲ ತಗೊಂಡಿದ್ದು ಹಿಂದಿನ ದಿನ ಸಂಜಿಗೆ. ಹೆರಾಯಿನ್ ನಿಂತ 6ರಿಂದ 12 ತಾಸಿಗೆ ಟರ್ಕಿ ಶುರು ಆಗ್ತೈತಿ, ಎರಡು ಮೂರನೇ ದಿನಕ್ಕ ತುದಿ ಮುಟ್ಟಿ ವಾರದಾಗ ಇಳೀತೈತಿ. ಇದನ್ನ ಅಳಿಯೂ ಕೌಸ್ ಅನ್ನೂ ಸ್ಕೇಲ್‌ನ್ಯಾಗ 15 ಬಂತು, ಅಂದ್ರ ಮಧ್ಯಮ.

ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆದ ಡಿಪ್ರೆಷನ್ ಸ್ಕೇಲ್ ಐತಿ, ಒಟ್ಟು 27 ಅಂಕ, 20 ಇಲ್ಲಾ ಅದಕ್ಕೂ ಹೆಚ್ಚು ಬಂದ್ರ ತೀವ್ರ. ಇವನದು 22 ಬಂತು. ಆದ್ರ ಟರ್ಕಿಯಾಗ ಇರೂ ಮನಷಾಗ ಈ ಸ್ಕೇಲ್ ಹಾಕಿ ನಂಬರ್ ನಂಬಿ ಕುಂದ್ರಾಕ ಬರಂಗಿಲ್ಲ. ನಿದ್ದಿ ಇಲ್ಲ, ಹಸಿವಿ ಇಲ್ಲ, ಕೈಕಾಲಾಗ ಶಕ್ತಿ ಇಲ್ಲ, ಕುಂತಲ್ಲೆ ಕುಂದ್ರಾಕ ಆಗವಲ್ದು ಅನ್ನೂದೆಲ್ಲ ಟರ್ಕಿಗೂ ಬರ್ತೈತಿ, ಡಿಪ್ರೆಷನ್‌ಗೂ ಬರ್ತೈತಿ. ಹಂಗಾಗಿ ಮೈಗೆ ಸಂಬಂಧ ಇಲ್ಲದ ಪ್ರಶ್ನೆ ಹಿಡಕೊಂಡು ಕೇಳಬೇಕು. ಮಗಳು ಸಾಲಿಯಿಂದ ಓಡಿ ಬಂದು ಅಪ್ಪಿಕೊಂಡ್ರ ಏನನಸ್ತೈತಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮ ಇದ್ದ. "ಏನೂ ಅನಸಂಗಿಲ್ರಿ. ಅದಕ್ಕ ನನಗ ಅಂಜಿಕಿ ಬರ್ತೈತಿ." ಮತ್ತ ಢಾಬಾದ ಮುಂದಿನ ಆ ರಾತ್ರಿ ಬಗ್ಗೆ ಸೀದಾ ಕೇಳಿದೆ, ಸಾಯಬೇಕಂತ ಮಾಡಿದ್ರೇನು ಅಂತ. "ಸಾಯಬೇಕಂತ ಮಾಡಲಿಲ್ಲ ಮೇಡಂ. ಆದ್ರ ಎಚ್ಚರ ಆಗದಿದ್ರೂ ನಡೀತಿತ್ತು."

ಈ ಮಾತು ನಾನು ಬ್ಯಾರೆ ಬ್ಯಾರೆ ಹುಡುಗ್ರ ಬಾಯಾಗ ಕೇಳೀನಿ. ಹೆರಾಯಿನ್ ಓವರ್‌ಡೋಸ್ ಅಂದ್ರ ಒಂದೋ ಅಪಘಾತ, ಒಂದೋ ಆತ್ಮಹತ್ಯಾ ಪ್ರಯತ್ನ ಅಂತ ಎರಡ ಡಬ್ಬಿ ಮಾಡಿ ಹಾಕಿದ್ರ, ನಡುವ ಇರೂ ಈ ಮಂದಿ ಯಾರ ಕಣ್ಣಿಗೂ ಬೀಳಂಗಿಲ್ಲ. ಹೆರಾಯಿನ್ ತಗೊಳ್ಳಾವ್ರು ಆತ್ಮಹತ್ಯೆಯಿಂದ ಸಾಯೂ ಸಂಭವ ಅವರದ ವಯಸ್ಸಿನ ಬ್ಯಾರೆ ಮಂದಿಗಿಂತ ಸುಮಾರು 14 ಪಟ್ಟು ಅಂತ ಹೊರದೇಶದ ಸಂಶೋಧನಾದಾಗ ಲೆಕ್ಕ ಹಾಕ್ಯಾರ. ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ತುಂಬಿದಂಗ ಆಗ್ತೈತಿ ಅಂತ ಭಾಳ ಮಂದಿ ಅಂಜತಾರ, ಹಂಗೇನೂ ಆಗಂಗಿಲ್ಲ, ಕೇಳಿದ್ರ ಅವರಿಗೆ ಹಗುರ ಆಗ್ತೈತಿ.

ಯಾವುದು ಮೊದಲು

ಡಾಕ್ಟರ್ ನನಗ ಕೊಟ್ಟ ಕೆಲಸ ಇದು: ಡಿಪ್ರೆಷನ್ ಗರ್ದ್‌ನಿಂದ ಬಂದದ್ದೋ, ಗರ್ದ್‌ಗಿಂತ ಮೊದಲ ಇತ್ತೋ, ನೋಡ್ರಿ. ಅಳತಿಗೋಲು ಸಾಮಾನ್ಯವಾಗಿ ಹಿಂಗ ಐತಿ, ಮಾಲ್ ಮುಟ್ಟೂದಕ್ಕೂ ಮೊದಲ ಡಿಪ್ರೆಷನ್ ಬಂದು ಹೋಗಿದ್ರ, ಇಲ್ಲಾ ಬಿಟ್ಟು ಹೆಚ್ಚೂ ಕಡಿಮಿ ಒಂದು ತಿಂಗಳಾದ ಮ್ಯಾಲೂ ಹೋಗದಿದ್ರ, ಅದು ಸ್ವತಂತ್ರ ಡಿಪ್ರೆಷನ್, ಬರೇ ಚಟದ ನೆರಳಲ್ಲ.

ಪೇಶೆಂಟ್‌ನ್ನ ಕೇಳಿದ್ರ "ಗರ್ದ್‌ದಿಂದನ ಎಲ್ಲಾ ಹಾಳಾತು" ಅಂತಾನ. ಹೆಂಡ್ತಿ ಮದಿವಿ ಆಗಿ ಬಂದದ್ದು ಆಮ್ಯಾಲೆ. ತಾಯಿ ಅಳೂದ ಬಿಟ್ರ ಮಾತಾಡವಲ್ಲರು. ಕಡೀಕ ದಾರಿ ಕೊಟ್ಟಾಕಿ ವೈನಿ. ತಾರೀಖು ಕೇಳಿದ್ರ ಯಾರಿಗೂ ನೆನಪಿರಂಗಿಲ್ಲ, ಅದಕ್ಕ ನಾನು ಹಾಳಿ ಮ್ಯಾಲ ಉದ್ದಕ ಒಂದು ಗೀಟು ಎಳದು, ಎಳ್ಳ ಅಮಾಸಿ, ಸಿದ್ದೇಶ್ವರ ಜಾತ್ರಿ, ಕಾರ ಹುಣ್ಣಿಮಿ, ಬರದ ವರ್ಷ, ಮದಿವಿ, ಮಗಳು ಹುಟ್ಟಿದ್ದು, ಲಾರಿ ಬಂದದ್ದು ಅಂತ ಗುರುತು ಹಾಕ್ಕೊಂತ ಹೋಗ್ತೀನಿ. 2012ರ ಬರದ ಹತ್ರ ಬಂದಾಗ ವೈನಿ ಬಟ್ಟು ಇಟ್ಟು ನಿಲ್ಲಿಸಿದ್ಳು. "ಇಲ್ಲೆ ತಡೀರಿ. ಮಾವ ತೀರಿಕೊಂಡಿದ್ದ ವರ್ಷ ಇದು. ಬೋರ್ ಎರಡೂ ಬತ್ತಿದ್ವು. ಆವಾಗ ನಮ್ಮ ಮೈದುನ ಮೂರ್ನಾಕು ತಿಂಗಳು ದನದ ಕೊಟಗ್ಯಾಗ ಮಕ್ಕೊಂಡ ಬಿಟ್ಟಿದ್ದ. ಜಳಕ ಇಲ್ಲ, ಗಡ್ಡ ಬಿಟ್ಟಿದ್ದ, ಅಂಗಿ ಜೋಲ ಬೀಳೂವಷ್ಟು ಸೊರಗಿದ್ದ. ಮುಂಜಾನಿ ನಾಕಕ್ಕ ಎದ್ದು ಕುಂದ್ರಾವ. ಗಾಳಿ ಬಡದೈತಿ ಅಂತ ದರ್ಗಾಕ್ಕ ಒಯ್ದಿದ್ವಿ, ಗುಡಿಗೆ ಒಯ್ದಿದ್ವಿ. ಮಳಿ ಆದ ಮ್ಯಾಲ ತಾನ ಎದ್ದ." ಆವಾಗ ಅವನಿಗೆ 24, ಬೀಡಿ ಬಿಟ್ರ ಯಾವ ಚಟಾನೂ ಇರ್ಲಿಲ್ಲ. ಆಮ್ಯಾಲೆ ಧ್ವನಿ ಸಣ್ಣ ಮಾಡಿ ಇನ್ನೊಂದು ಹೇಳಿದ್ಳು, ಅವನ ಕಾಕಾ ಒಬ್ಬರು ತಮ್ಮ ಕೈಯಾರೆ ಜೀವ ಕಳಕೊಂಡಿದ್ರು, ಮನ್ಯಾಗ ಅದನ್ನ ಯಾರೂ ಮಾತಾಡಂಗಿಲ್ಲ.

ಈ ಎರಡು ಮಾತಿನಿಂದ ಕೇಸಿನ ದಿಕ್ಕು ಬದಲಾತು. ಚಟದ ಕೇಸ್ ಬಂತಂದ್ರ ಎಲ್ಲಾರೂ ಚಟದ ಇತಿಹಾಸ ಬರಕೊಂತಾರ, ಚಟ ಇಲ್ಲದ ವರ್ಷಗಳದು ಯಾರೂ ಕೇಳಂಗಿಲ್ಲ, ಬೇಕಾದ ಮಾಹಿತಿ ಎಷ್ಟೋ ಸಲ ಅಲ್ಲೇ ಇರ್ತೈತಿ. ಮತ್ತ ಅದನ್ನ ಕಂಡಾಕಿ ಎಷ್ಟೋ ಮನ್ಯಾಗ ವೈನಿನೋ ಅಕ್ಕನೋ ಆಗಿರ್ತಾಳ, ಅಕಿನ್ನ ಹೊರಗ ಬೆಂಚ್ ಮ್ಯಾಲ ಕುಂದರ್ಸಿ ಗಂಡಸ್ರನ್ನ ಅಷ್ಟ ಒಳಗ ಕರೀತಾರ.

ಗರ್ದ್ ಶುರು ಆದದ್ದು 31ಕ್ಕ. ವಾಶ್ಯಾಗ ಗಾಡಿ ಖಾಲಿ ಆಗೂ ತನಕ ಒಂದೊಂದ್ ಸಲ ದೀಡ ದಿನ ಕಾಯಬೇಕು, ನಡಾ ನೋವು, ನಿದ್ದಿ ಇಲ್ಲ. ಅದಕ್ಕ ಮೊದಲ ಆರು ತಿಂಗಳಿಂದ ಮತ್ತ ಹಳೇ ಲಕ್ಷಣ ಬಂದಿದ್ವು, ಹಾಳಿ ಮ್ಯಾಲ ಅದೂ ಕಂಡಿತು: ಮಗ ಹುಟ್ಟಿದ ವರ್ಷ, ಲಾರಿ ಕಂತು ಬಾಕಿ ಬಿದ್ದ ವರ್ಷ, ಮುಂಜಾನಿ ನಾಕಕ್ಕ ಎಚ್ಚರ ಆಗೂದು, ಊಟ ಸೇರದ ಇರೂದು. ಗೆಳ್ಯಾ ಡ್ರೈವರ್ ಒಬ್ಬ "ಇದನ್ನ ಎಳಿ, ನಡಾ ಬಿಡ್ತೈತಿ" ಅಂತ ಕೊಟ್ಟ. ಮೊದಲು ವಾಂತಿ ಆತು. ಆಮ್ಯಾಲಿಂದು ಅವನ ಮಾತಿನ್ಯಾಗ: "ಓವರ್‌ಲೋಡ್ ಗಾಡಿ ಘಾಟ್ ಹತ್ತಿ ನಿಂತ ಮ್ಯಾಲ ಎಂಜಿನ್ ಬಂದ್ ಮಾಡಿದ್ರ ಹೆಂಗ ಒಮ್ಮೆಲೆ ಸುಮ್ಮ ಆಗ್ತೈತಿ ನೋಡ್ರಿ, ಹಂಗ ತಲಿ ಒಳಗ ಸುಮ್ಮ ಆತು." ನಶೆ ಬೇಕಂತ ಹೋದ ಮನಷಾನ ಮಾತಲ್ಲ ಇದು. ಹತ್ತು ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆತು, ವರ್ಷ ತುಂಬೂದ್ರಾಗ ದಿನಾ.

ಒಳಗ ಏನು ನಡೀತೈತಿ

ಹೆರಾಯಿನ್ ಮೆದುಳಿಗೆ ಹೋಗಿ ಮಾರ್ಫಿನ್ ಆಗ್ತೈತಿ, ನೋವು ತಗ್ಗಿಸೂ ನಮ್ಮದ ಎಂಡಾರ್ಫಿನ್‌ಗಳು ಕುಂದ್ರೂ ಜಾಗಾ, ಅಂದ್ರ ಮ್ಯೂ ರಿಸೆಪ್ಟರ್ ಮ್ಯಾಲ ಕುಂದರ್ತೈತಿ, ಖುಷಿ ಹುಟ್ಟಸೂ ಡೋಪಮಿನ್ ಏರ್ತೈತಿ. ಮೈ ನೋವಷ್ಟ ಅಲ್ಲ, ಮನಸಿನ ನೋವೂ ಅದ ದಾರ್ಯಾಗ ತಗ್ಗತೈತಿ, ಅದಕ್ಕ ಡಿಪ್ರೆಷನ್ ಇದ್ದಾವಗ ಇದು ಔಷಧದಂಗ ಕಾಣೂದು. ಆದ್ರ ದಿನಾ ಹೊರಗಿಂದ ಬರಾಕತ್ತಿದ ಮ್ಯಾಲ ರಿಸೆಪ್ಟರ್ ಮೊಂಡ ಆಗ್ತಾವ, ಸಣ್ಣ ಸಣ್ಣ ಖುಷಿಗೆ ಮೆದುಳು ಮಿಡಿಯೂದು ಬಿಡ್ತೈತಿ, ಡೈನಾರ್ಫಿನ್ ಅಂತ ಇನ್ನೊಂದು ವಸ್ತು ಏರಿ ಕಪ್ಪಾ ರಿಸೆಪ್ಟರ್ ಮೂಲಕ ಜೀವಕ್ಕ ಬ್ಯಾಸರ ಹುಟ್ಟಸ್ತೈತಿ, ಮತ್ತ ಆ ಬ್ಯಾಸರ ಕಳಿಯಾಕ ಮತ್ತ ಸೇದಬೇಕು. ಮೂರನೇ ವರ್ಷದ ಹೊತ್ತಿಗೆ ಅಂವ ಸೇದ್ತಿದ್ದದ್ದು ಮಜಾಕ್ಕಲ್ಲ, ಹಾಸಿಗಿಂದ ಏಳಾಕ. ಇನ್ನೊಂದು ಯಾರೂ ಬಾಯಿಬಿಟ್ಟು ಹೇಳದ ವಿಷಯ, ಓಪಿಯಾಯ್ಡ್ (ಹೆರಾಯಿನ್, ಅಫೀಮಿನ ಜಾತಿಯ ವಸ್ತು) ಬಹಳ ದಿನ ತಗೊಂಡ್ರ ಗಂಡಸ್ರ ಟೆಸ್ಟೋಸ್ಟಿರೋನ್ ಹಾರ್ಮೋನ್ ಇಳೀತೈತಿ, ದಣಿವು, ಬ್ಯಾಸರ, ಹೆಂಡ್ತಿ ಹತ್ರ ಹೋಗಾಕ ಮನಸಿಲ್ಲದಿರೂದು ಅದರಿಂದನೂ ಬರ್ತಾವ. ಹೆಂಡ್ತಿ ಎರಡು ವರ್ಷದಿಂದ "ಅವರಿಗೆ ವಾಶ್ಯಾಗ ಯಾರೋ ಅದಾರ" ಅಂತ ತಿಳಕೊಂಡು ಒಳಗ ಸುಟ್ಕೊಂಡಿದ್ಳು. ರಕ್ತಾ ತಗದು ನೋಡಿದ್ರ ಟೆಸ್ಟೋಸ್ಟಿರೋನ್ ಕಡಿಮಿ ಇತ್ತು. ಡಾಕ್ಟರ್ ಇಬ್ಬರನ್ನೂ ಕುಂದರ್ಸಿ ತಿಳಿಸಿ ಹೇಳಿದ ದಿನ ಅಕಿ ನನ್ನ ಮುಂದ ಭಾಳ ಹೊತ್ತು ಅತ್ತಳು.

ಹಂಗಾದ್ರ ಹೆರಾಯಿನ್ ತಗೊಳ್ಳಾವ್ರಿಗೆಲ್ಲಾ ಮೊದಲ ಡಿಪ್ರೆಷನ್ ಇರ್ತೈತೇನು? ಇಲ್ಲ. ಆಸ್ಟ್ರೇಲಿಯಾದಾಗ 2001-02ರಾಗ 615 ಮಂದಿ ಹೆರಾಯಿನ್ ಬಳಸಾವ್ರನ್ನ ಸೇರಿಸಿಕೊಂಡು ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿದ ಅಧ್ಯಯನ ಒಂದೈತಿ, ಶುರುವಿನ್ಯಾಗ ಸುಮಾರು ನಾಕರಾಗ ಒಬ್ಬರಿಗೆ ಮೇಜರ್ ಡಿಪ್ರೆಷನ್ ಇತ್ತು, ಟ್ರೀಟ್‌ಮೆಂಟ್ ಹಿಡಿದ ಮ್ಯಾಲ ಆ ಸಂಖ್ಯೆ ಚಲೋ ಇಳೀತು. ಅಂದ್ರ ಎಷ್ಟೋ ಜನರಿಗೆ ಹೆರಾಯಿನ್ ಹಿಡಿತಕ್ಕ ಬಂದ್ರ ಮನಸೂ ಮ್ಯಾಲೇಳ್ತೈತಿ, ಅದು ಖರೆ. ಕೆಲವರಿಗೆ ಏಳಂಗಿಲ್ಲ. ಯಾರಿಗೆ ಏಳಂಗಿಲ್ಲ ಅನ್ನೂದನ್ನ ಮೊದಲ ಹುಡುಕಿ ಇಟ್ಕೋಬೇಕು. ಇದು ಸಣ್ಣ ಗುಂಪಿನ ಸಮಸ್ಯೆನೂ ಅಲ್ಲ: ಏಮ್ಸ್‌ನವ್ರು ಮಾಡಿ 2019ರಾಗ ಹೊರಬಂದ ರಾಷ್ಟ್ರೀಯ ಸರ್ವೇದಾಗ ದೇಶದಾಗ ಸುಮಾರು 2.26 ಕೋಟಿ ಮಂದಿ, ಅಂದ್ರ ಶೇಕಡಾ 2.1, ಓಪಿಯಾಯ್ಡ್ ಬಳಸ್ತಾರ ಅಂತ ಬಂದೈತಿ, ಅದರಾಗ ಹೆರಾಯಿನ್ನೇ ಎಲ್ಲಕ್ಕಿಂತ ಹೆಚ್ಚು.

ಏನು ಕೊಟ್ರು, ಯಾರು ಜಗಳ ತಗದ್ರು

ಟರ್ಕಿ ಚಲೋ ಶುರು ಆದ ಮ್ಯಾಲ ಡಾಕ್ಟರ್ ಬುಪ್ರಿನಾರ್ಫಿನ್-ನಲೋಕ್ಸೋನ್ ಗುಳಗಿ ಶುರು ಮಾಡಿದ್ರು, ನಾಲಿಗಿ ಕೆಳಗ ಇಟ್ಟು ಕರಗೂ ತನಕ ನುಂಗದ ಕುಂದರಬೇಕು. ಹೆರಾಯಿನ್ ಇನ್ನೂ ಮೈಯಾಗ ಇರೂವಾಗನ ಕೊಟ್ರ ಟರ್ಕಿ ಒಮ್ಮೆಲೆ ಉಕ್ಕಿ ಬರ್ತೈತಿ, ಅದಕ್ಕ ಕಾಯೂದು. ಇದು ಮ್ಯೂ ರಿಸೆಪ್ಟರ್ ಮ್ಯಾಲ ಅರ್ಧಮರ್ಧ ಕೆಲಸ ಮಾಡ್ತೈತಿ, ಹಂಗಾಗಿ ನಶೆ ಏರಂಗಿಲ್ಲ, ಟರ್ಕಿನೂ ಬರಂಗಿಲ್ಲ, ಉಸಿರು ನಿಲ್ಲೂ ಅಪಾಯ ಹೆರಾಯಿನ್‌ಗಿಂತ ಭಾಳ ಕಡಿಮಿ. ಆ ಬ್ಯಾಸರ ಹುಟ್ಟಸೂ ಕಪ್ಪಾ ರಿಸೆಪ್ಟರ್‌ನ್ನ ಇದು ತಡೀತೈತಿ. ಅಲ್ಪ್ರಝೋಲಮ್ ಒಮ್ಮೆಲೆ ನಿಲ್ಲಿಸದ ಸ್ವಲ್ಪ ಸ್ವಲ್ಪ ಇಳಿಸಿದ್ರು. ಅವನ ಚೀಲದಾಗ ಟ್ರಮಾಡಾಲ್ ಅನ್ನೂ ನೋವಿನ ಗುಳಗಿ ಪಟ್ಟಿನೂ ಸಿಕ್ಕಿತು, ಊರಿಗೆ ಬಂದಾಗ ಟರ್ಕಿ ತಡಿಯಾಕ ಅದನ್ನ ನುಂಗತಿದ್ನಂತ. 2018ರಿಂದ ಅದು ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ಒಳಗ ಐತಿ, ಆದ್ರೂ ಹೆಂಗೋ ಸಿಕ್ಕಿತ್ತು. ಡಿಪ್ರೆಷನ್ ಗುಳಗಿ ಜೋಡಿ ಅದು ಕೂಡಿದ್ರ ಸಿರೊಟೋನಿನ್ ಅನ್ನೂ ಮೆದುಳಿನ ರಾಸಾಯನಿಕ ಏರಿ ಜೀವಕ್ಕ ಕುತ್ತು ಬರ್ತೈತಿ, ಫಿಟ್ಸ್ ಬರೂ ಭಯಾನೂ ಐತಿ, ಅದಕ್ಕ ಅದನ್ನ ಬಂದ್ ಮಾಡಿಸಿ ಮ್ಯಾಲ ಮುಂದಿನ ಮಾತು.

ಸಾಮಾನ್ಯವಾಗಿ ಬುಪ್ರಿನಾರ್ಫಿನ್ ಮ್ಯಾಲ ಎರಡರಿಂದ ನಾಕು ವಾರ ನಿಂತು ನೋಡಿ, ಆಮ್ಯಾಲೂ ಬ್ಯಾಸರ ಹೋಗದಿದ್ರ ಡಿಪ್ರೆಷನ್ ಗುಳಗಿ ಶುರು ಮಾಡೂದು ರೂಢಿ. ಈ ಕೇಸಿನ್ಯಾಗ ಕಾಯಲಿಲ್ಲ. 24ರಾಗ ಬಂದು ಹೋದ ಡಿಪ್ರೆಷನ್, ಕಾಕಾನ ಕಥಿ, "ಎಚ್ಚರ ಆಗದಿದ್ರೂ ನಡೀತಿತ್ತು" ಅನ್ನೂ ಮಾತು, ಮೂರೂ ಕೂಡಿ ಎರಡನೇ ವಾರದಾಗ ಎಸಿಟಲೋಪ್ರಾಮ್ ಅನ್ನೂ ಡಿಪ್ರೆಷನ್ ಗುಳಗಿ ಸಣ್ಣ ಡೋಸ್ ಶುರು ಮಾಡಿದ್ರು.

ಜಗಳ ಬಂದದ್ದು ಹೆಂಡ್ತಿ ಅಣ್ಣನ ಕಡೆಯಿಂದ. "ಒಂದು ಚಟ ಬಿಡಸ್ರಿ ಅಂತ ತಂದ್ರ ನೀವು ಎರಡು ಗುಳಗಿ ಹಚ್ಚೀರಿ, ಇದೇನು ಟ್ರೀಟ್‌ಮೆಂಟ್?" ಅವರು ತಂಗಿ ಸಂಸಾರದ ಚಿಂತಿಯಿಂದ ಮಾತಾಡಿದ್ರು, ಅದಕ್ಕ ನಾನು ಭಾಳ ಹೊತ್ತು ಕುಂತು ಮಾತಾಡಿದೆ. ಮಾಮಾರ, ಬಿಡಿಸಿದ್ದು ಒಮ್ಮೆ ಆಗೇತಲ್ರಿ, ಹತ್ತು ದಿನದಾಗ ಎಲ್ಲಾ ಬಂದ್ ಮಾಡಿ ಕಳಿಸಿದ್ರು, ಮುಂದ ಢಾಬಾದ ಮುಂದ ಏನಾತು? ಗರ್ದ್ ಇದ್ದಾಗ ದಿನಾ ಮೂರ್ನಾಕು ಸಲ ಏರೂದು ಇಳಿಯೂದು, ರೊಕ್ಕ ಹುಡುಕೂದು, ಸುಳ್ಳು ಹೇಳೂದು, ಪೊಲೀಸ್ರಿಗೆ ಅಂಜೂದು ಇತ್ತು, ಈಗ ದಿನಕ್ಕೊಮ್ಮೆ ಮನ್ಯಾಗ ಎಲ್ಲಾರ ಮುಂದ ಗುಳಗಿ ಇಟ್ಕೊಂಡು ಹೊಲಕ್ಕ ಹೋಗ್ತಾರ, ಇದು ಚಟದಂಗ ಕಾಣ್ತೈತೇನು ಹೇಳ್ರಿ ಅಂತ ಕೇಳಿದೆ. ಪೂರಾ ಒಪ್ಪಲಿಲ್ಲ, ಆದ್ರ "ಮೂರು ತಿಂಗಳು ನೋಡೂಣ" ಅಂದ್ರು. ಪೊಲೀಸ್ ಕೇಸ್ ಆಗ್ತೈತೇನು ಅಂತಾನೂ ಕೇಳಿದ್ರು. ಸ್ವಂತ ಬಳಕಿಗೆ ಸಿಕ್ಕಿಬಿದ್ದ ಕೇಸ್‌ನ್ಯಾಗ ತಾನಾಗೇ ಟ್ರೀಟ್‌ಮೆಂಟ್‌ಗೆ ಬಂದವನಿಗೆ ಎನ್‌ಡಿಪಿಎಸ್ ಕಾಯ್ದೆದ 64ಎ ಕಲಮಿನ್ಯಾಗ ರಕ್ಷಣಾ ಐತಿ, ದವಾಖಾನಿಯವ್ರು ವಿಷಯ ಗುಪ್ತ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳ್ತೈತಿ, ಅಂತ ತಿಳಿಸಿದ ಮ್ಯಾಲ ತಾಯಿಯ ಮುಖ ಸ್ವಲ್ಪ ಬಿಚ್ಚಿತು.

ಗುಳಗಿ ಜವಾಬ್ದಾರಿ ವೈನಿ ತಗೊಂಡ್ಳು. ಸ್ಟೀಲ್ ಡಬ್ಬ್ಯಾಗ ಹಾಕಿ ಕಪಾಟಿನ್ಯಾಗ ಇಟ್ಟು ಕೀಲಿ ಕೈ ಕುಪ್ಪಸದಾಗ. ಮುಂಜಾನಿ ಏಳಕ್ಕ ಕೊಡಬೇಕು, ಕರಗೂ ತನಕ ಎದುರಿಗೆ ಕುಂದರಬೇಕು. ಆ ಹತ್ತು ಮಿನಿಟಿನ್ಯಾಗ ಅಂವ ಮಾತಾಡಾಕ ಬರಂಗಿಲ್ಲ, ಅದಕ್ಕ ವೈನಿನ ಮಾತಾಡ್ತಿದ್ಳು, ದನದ ವಿಷಯ, ಲಿಂಬಿ ರೇಟಿನ ವಿಷಯ. ಯಾವ ಕೌನ್ಸೆಲರ್‌ಗೂ ಇಷ್ಟು ದಿನಾ ಹತ್ತು ಮಿನಿಟು ಸಿಗಂಗಿಲ್ಲ.

ಈ ಸಲದ ಮೂರನೇ ವಾರ

ಮೊದಲ ವಾರ ನಿದ್ದಿ ಬಂತು. ಎರಡನೇ ವಾರ ಊಟ ಹತ್ತಿತು, ತೂಕ ಏರಿತು. ಊರವ್ರು ಭೆಟ್ಟಿ ಆಗಿ "ಮಾರಿ ಮ್ಯಾಲ ಕಳಾ ಬಂದೈತಿ" ಅನ್ನಾಕತ್ರು. ಮೂರನೇ ವಾರಕ್ಕ ಬಿದ್ದ. ಗರ್ದ್ ಬೇಕು ಅನಸವಲ್ದು, ಏನೂ ಬೇಕು ಅನಸವಲ್ದು. ಪಿಎಚ್‌ಕ್ಯೂ-9 ಎರಡನೇ ವಾರದಾಗ 14ಕ್ಕ ಇಳಿದದ್ದು 18ಕ್ಕ ಏರಿತು, ಕಡೀ ಪ್ರಶ್ನೆ, ಅಂದ್ರ ಸಾಯೂ ವಿಚಾರದ ಪ್ರಶ್ನೆ, ಅದರಾಗೂ ಅಂಕ ಬಂತು. ಟರ್ಕಿ ಮುಗಿದ ಮ್ಯಾಲೂ ವಾರಗಟ್ಟಲೆ ಮೆದುಳಿನ ಖುಷಿ ದಾರಿ ಮಂಕ ಇರ್ತೈತಿ, ಎಸಿಟಲೋಪ್ರಾಮ್ ಕೆಲಸ ತೋರ್ಸಾಕ ಎರಡರಿಂದ ನಾಕು ವಾರ ಬೇಕು, ಮತ್ತ ನಶೆ ಇಳಿದ ತಲಿಗೆ ಮಾಡಿದ ಸಾಲ, ಮಾರಿದ ಹೆಂಡ್ತಿ ಬಂಗಾರ, ಹೇಳಿದ ಸುಳ್ಳು ಎಲ್ಲಾ ಒಮ್ಮೆಲೆ ಕಾಣ್ತಾವ. ಈ ಮೂರೂ ಒಂದ ವಾರದಾಗ ಬಂದು ಕೂಡ್ತಾವ.

ಈ ಸಲ ಎಲ್ಲಾರಿಗೂ ಇದು ಮೊದಲ ಗೊತ್ತಿತ್ತು. ಎರಡನೇ ವಾರದಾಗನ ಮನಿಯವ್ರನ್ನ ಕರದು, ಮುಂದಿನ ವಾರ ಹಿಂಗಾಗಬಹುದು, ಶಾಂತ ಆದ್ರ ಗುಣ ಅಂತ ತಿಳ್ಕೋಬ್ಯಾಡ್ರಿ ಅಂತ ಹೇಳಿದ್ವಿ. ತ್ವಾಟಕ್ಕ ಹೊಡಿಯೂ ಔಷಧ ಎಲ್ಲಾ ಮನಿಯಿಂದ ತಗಸಿ ಅಣ್ಣನ ಗೆಳ್ಯಾನ ಮನ್ಯಾಗ ಕೀಲಿ ಹಾಕಿ ಇಡಿಸಿದ್ವಿ, ನಮ್ಮ ಕಡೆ ಹಳ್ಳ್ಯಾಗ ಇದೊಂದು ಕೆಲಸ ಎಷ್ಟು ಜೀವ ಉಳಿಸ್ತೈತಿ ಅಂತ ಬಿಡಿಸಿ ಹೇಳೂದು ಬ್ಯಾಡ. ವಿಚಾರ ಬಂದಾಗ ಮೊದಲು ಯಾರಿಗೆ ಹೇಳೂದು ಅಂತ ಅವನ ಕೈಲೆ ಚೀಟಿ ಬರಸಿದ್ವಿ: ಮೊದಲು ವೈನಿ, ಆಮ್ಯಾಲೆ ಆ ಕ್ಲೀನರ್ ಹುಡುಗ, ರಾತ್ರಿ ಯಾರೂ ಇಲ್ಲಾಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಅದು ಪುಕಟ್ಟ, ಕನ್ನಡದಾಗ ಮಾತಾಡ್ತಾರ, ಹಗಲು ರಾತ್ರಿ ಇರ್ತೈತಿ. ಆ ಹುಡುಗನ ಹೆಸರು ಅವನ ಬಾಯಿಂದ ಬಂತು, ನಾವು ಹೇಳಿದ್ದಲ್ಲ. ಆ ವಾರ ಒಂದಿನ ರಾತ್ರಿ ಎರಡಕ್ಕ ವೈನಿ ಬಾಗಲಾ ಬಡದ. ಅಕಿ ಚಾ ಮಾಡಿ ಕೊಟ್ಟು ಅಣ್ಣನ್ನ ಎಬ್ಬಿಸಿದ್ಳು, ಬೆಳಗಾಗೂ ತನಕ ಮೂವರೂ ಪಡಸಾಲ್ಯಾಗ ಕುಂತ್ರು, ಮುಂಜಾನಿ ನಮ್ಮ ಕಡೆ ಬಂದ್ರು. ಡಾಕ್ಟರ್ ಎಸಿಟಲೋಪ್ರಾಮ್ ಏರಿಸಿ ಕೆಲವು ದಿನ ವಾರ್ಡಿನ್ಯಾಗ ಇಟ್ಕೊಂಡ್ರು.

ಅಲ್ಲಿಂದ ಮುಂದ ಏರಿಕಿ ನಿಧಾನ. ಕೌನ್ಸೆಲಿಂಗ್‌ನ್ಯಾಗ ದೊಡ್ಡ ಮಾತೇನೂ ಆಡಲಿಲ್ಲ. ಮನಸು ಬಂದ ಮ್ಯಾಲ ಕೆಲಸ ಮಾಡ್ತೀನಿ ಅಂದ್ರ ಆ ಮನಸು ಬರಂಗಿಲ್ಲ, ಅದಕ್ಕ ಹೊತ್ತು ಹಚ್ಚಿ ಸಣ್ಣ ಕೆಲಸ ಇಟ್ವಿ: ಮುಂಜಾನಿ ಡೇರಿಗೆ ಹಾಲು, ಒಂಬತ್ತಕ್ಕ ಮಗಳನ್ನ ಸಾಲಿಗೆ ಬಿಡೂದು, ಸಂಜಿಗೆ ಲಿಂಬಿ ಗಿಡಕ್ಕ ನೀರು. ಲಾರಿ ಸದ್ಯಕ್ಕ ಬ್ಯಾಡ, ಮೊದಲ ವಾರಗಳಾಗ ಗುಳಗಿಗೆ ಜೊಂಪು ಬರ್ತೈತಿ. ಎರಡನೇ ತಿಂಗಳ ಕಡೀಕ ಸ್ಕೋರ್ 10ಕ್ಕ ಬಂತು, ಆರನೇ ತಿಂಗಳಿಗೆ 6. ಮಗಳ ಪ್ರಶ್ನೆ ನಾನು ಮತ್ತೊಮ್ಮೆ ಕೇಳಿದೆ. "ಈಗ ಸಾಲಿ ಗೇಟ್ ಮುಂದ ಕೈ ಬಿಡಸ್ಕೊಂಡು ಓಡಿದ್ರ ಸಿಟ್ಟು ಬರ್ತೈತ್ರಿ" ಅಂದ. ಸಿಟ್ಟು ಬಂದದ್ದು ನನಗ ಖುಷಿ ಆತು, ಏನೋ ಒಂದು ಅನಸಾಕತ್ತೈತಿ ಅಂತ.

ಜಾತ್ರ್ಯಾಗ ಒಮ್ಮೆ ಜಾರಿದ

ಜನವರಿದಾಗ ಸಿದ್ದೇಶ್ವರ ಜಾತ್ರಿಗೆ ಬಂದಾವ ಹಳೇ ಗೆಳ್ಯಾನ ಜೋಡಿ ಒಮ್ಮೆ ಸೇದಿದ. ಬುಪ್ರಿನಾರ್ಫಿನ್ ರಿಸೆಪ್ಟರ್ ಹಿಡಕೊಂಡು ಕುಂತಿದ್ದರಿಂದ ಏರಲಿಲ್ಲ. ಮರುದಿನ ತಾನ ಬಂದು ಹೇಳಿದ. ಮನಿಯವ್ರು "ಮತ್ತ ಶುರು ಹಚ್ಚಿದ" ಅಂತ ಎದಿ ಬಡ್ಕೊಂಡ್ರು, ಆದ್ರ ಹಿಂದಿನ ದಿನಗಳನ್ನ ಕೆದಕಿ ನೋಡಿದ್ರ ಗೆಳ್ಯಾ ಸಿಕ್ಕಿದ್ದು ಕಡೀ ಕಾರಣ ಅಷ್ಟ. ಒಂದು ವಾರದಿಂದ ಫೈನಾನ್ಸ್‌ನವ್ರು ಫೋನ್ ಮಾಡಿ ಬೈತಿದ್ರು, ಅದನ್ನ ಯಾರಿಗೂ ಹೇಳಿರ್ಲಿಲ್ಲ, ಮೂರು ದಿನದಿಂದ ಮತ್ತ ಮುಂಜಾನಿ ನಾಕಕ್ಕ ಎಚ್ಚರ ಆಗ್ತಿತ್ತು. ದನದ ಕೊಟಗಿ ವರ್ಷದಾಗ ಇದ್ದದ್ದೂ ಅದ ಹೊತ್ತು, ಗರ್ದ್ ಶುರು ಆಗೂ ಮೊದಲು ಇದ್ದದ್ದೂ ಅದ ಹೊತ್ತು. ಈಗ ಮನಿಯವ್ರು ಕಣ್ಣಿಡೂದು ಅವನ ಕಿಸೆ ಮ್ಯಾಲಲ್ಲ, ಅವನ ನಿದ್ದಿ ಮ್ಯಾಲ. ಎರಡು ದಿನ ಸಾಲಾಗಿ ನಸಕಿನ್ಯಾಗ ಎದ್ದು ಕುಂತ್ರ ವೈನಿ ನನಗ ಫೋನ್ ಹಚ್ಚತಾಳ.

ಈಗ ಹನ್ನೊಂದನೇ ತಿಂಗಳು. ಬುಪ್ರಿನಾರ್ಫಿನ್ ನಡದೈತಿ, ಯಾವಾಗ ಇಳಿಸೂದು ಅನ್ನೂ ಮಾತು ಡಾಕ್ಟರ್ ಇನ್ನೂ ತಗದಿಲ್ಲ, ಅವಸರಾನೂ ಇಲ್ಲ. ಡಿಪ್ರೆಷನ್ ಬಂದದ್ದು ಇದ ಮೊದಲಲ್ಲ ಅನ್ನೂದಕ್ಕ ಎಸಿಟಲೋಪ್ರಾಮ್ ಎರಡು ವರ್ಷ ತಗೋಬೇಕು ಅಂದಾರ. ಲಾರಿ ಮಾರಿ ಸಾಲದಾಗ ಅರ್ಧ ತೀರ್ಸ್ಯಾರ, ಉಳಿದರ್ಧ ಹಂಗ ಐತಿ, ಫೋನ್ ಬರೂದೂ ನಿಂತಿಲ್ಲ. ಬಾಡಿಗಿ ಟಾಟಾ ಏಸ್ ಹೊಡೀತಾನ, ಇಂಡಿಯಿಂದ ವಿಜಯಪುರ ಎಪಿಎಂಸಿ, ರಾತ್ರಿ ಮನಿ. ಹೋದ ತಿಂಗಳು ಹೆಂಡ್ತಿಗೂ ಪಿಎಚ್‌ಕ್ಯೂ-9 ಹಾಕಿದ್ವಿ, 13 ಬಂತು. ಐದು ವರ್ಷ ಅಕಿನ್ನ ಯಾರೂ ಕೇಳಿರ್ಲಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಾಗ ಮಂಗಳವಾರ ತಾಲೂಕಾ ದವಾಖಾನಿಗೆ ಮನೋವೈದ್ಯರು ಬರ್ತಾರ, ಅಲ್ಲೆ ಅಕಿದು ಟ್ರೀಟ್‌ಮೆಂಟ್ ಶುರು ಆಗೇತಿ, ಮಂಗಳವಾರ ಅಂವ ಬಾಡಿಗಿ ಹಿಡಿಯಂಗಿಲ್ಲ, ತಾನ ಕರಕೊಂಡು ಹೋಗ್ತಾನ.